ಹಳೇ ಸರ್ವರ್‌ಗೆ ಫೈರ್‌ವಾಲ್: ಡಿಸ್ಕೇ ಕಾಣ್ತಿಲ್ಲ!

ಪ್ರಶ್ನೆ: ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಡೆಲ್ ಪವರ್‌ಎಡ್ಜ್ ಆರ್620 ತಗೊಂಡೆ ಸರ್. ಒಳಗೆ ಪರ್ಕ್ ಎಚ್710 ರೇಡ್ ಕಾರ್ಡ್ (ಹಲವು ಡಿಸ್ಕ್ ಒಟ್ಟು ಸೇರಿಸಿ ನಡೆಸುವ ಕಾರ್ಡ್), ಎರಡು ಡಿಸ್ಕ್. ಆಫೀಸಿಗೆ ಪಿಎಫ್‌ಸೆನ್ಸ್ ಅನ್ನೋ ಫೈರ್‌ವಾಲ್ ಸಾಫ್ಟ್‌ವೇರ್ ಹಾಕೋಣ ಅಂದರೆ ಇನ್‌ಸ್ಟಾಲರ್‌ಗೆ ಒಂದು ಡಿಸ್ಕೂ ಕಾಣುತ್ತಿಲ್ಲ. ಝಡ್‌ಎಫ್‌ಎಸ್ ಫೈಲ್ ಸಿಸ್ಟಂನಲ್ಲೇ ಮಿರರ್ (ಎರಡೂ ಡಿಸ್ಕಿನಲ್ಲಿ ಒಂದೇ ಪ್ರತಿ) ಮಾಡುವ ಆಸೆ ಇತ್ತು. ಕಾರ್ಡ್ ಕೆಟ್ಟಿದೆಯೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಕಾರ್ಡ್ ಕೆಟ್ಟಿರಲಿಕ್ಕಿಲ್ಲ, ಗಾಬರಿಯಾಗಬೇಡಿ. ಎಚ್710 ಕಾರ್ಡ್ ಡಿಸ್ಕನ್ನು ನೇರವಾಗಿ ಯಾರಿಗೂ ತೋರಿಸುವುದಿಲ್ಲ. ಅದರೊಳಗೆ ಒಂದು ವರ್ಚುವಲ್ ಡಿಸ್ಕ್ (ನಿಜವಾದ ಡಿಸ್ಕುಗಳಿಂದ ಕಾರ್ಡೇ ಕಟ್ಟುವ ಡಿಸ್ಕ್) ಮಾಡಿಟ್ಟರೆ ಅದನ್ನಷ್ಟೇ ತೋರಿಸುತ್ತದೆ. ಮಾರುವವರು ಹಳೇ ಸೆಟ್ಟಿಂಗ್ ಅಳಿಸಿಯೇ ಕೊಟ್ಟಿರುತ್ತಾರೆ, ಹಾಗಾಗಿ ಇನ್‌ಸ್ಟಾಲರ್‌ಗೆ ಕಾಣಲು ಅಲ್ಲಿ ಏನೂ ಇಲ್ಲ. ಬೂಟ್ ಆಗುವಾಗ ಕಂಟ್ರೋಲ್ ಮತ್ತು ಆರ್ ಒತ್ತಿ ಕಾರ್ಡಿನ ಮೆನುಗೆ ಹೋಗಿ, ಎರಡೂ ಡಿಸ್ಕ್ ಸೇರಿಸಿ ರೇಡ್ 1 (ಎರಡರಲ್ಲೂ ಒಂದೇ ಪ್ರತಿ) ಮಾಡಿ, ಇನಿಶಿಯಲೈಸ್ ಕೊಡಿ. ಡಿಸ್ಕಿನಲ್ಲಿ ಏನಾದರೂ ಇದ್ದರೆ ಹೋಗುತ್ತದೆ, ನೆನಪಿರಲಿ.

ಇನ್ನು ಝಡ್‌ಎಫ್‌ಎಸ್ ಮಿರರ್. ಅದಕ್ಕೆ ಡಿಸ್ಕ್ ನೇರವಾಗಿ ಕೈಗೆ ಸಿಗಬೇಕು, ನಿಮ್ಮ ಕಾರ್ಡ್ ಕೊಡುವುದಿಲ್ಲ. ಕೆಲವರು ಒಂದೊಂದು ಡಿಸ್ಕನ್ನೂ ಪ್ರತ್ಯೇಕ ರೇಡ್ 0 (ಇನ್ನೊಂದು ಪ್ರತಿ ಇಡದ ರೇಡ್) ಮಾಡಿ ಅದರ ಮೇಲೆ ಮಿರರ್ ಹಾಕುತ್ತಾರೆ. ಆಮೇಲೆ ಒಂದು ಡಿಸ್ಕ್ ಸತ್ತಾಗ ಮೊದಲು ಕಾರ್ಡಿನ ಮೆನುವಿನಲ್ಲಿ ಹೊಸ ರೇಡ್ 0 ಮಾಡಬೇಕು, ನಂತರ ಝಡ್‌ಎಫ್‌ಎಸ್‌ಗೆ ಹೇಳಬೇಕು. ರಾತ್ರಿ ಹನ್ನೊಂದಕ್ಕೆ ನೆಟ್ ಬಿದ್ದಾಗ ಈ ಸರ್ಕಸ್ ಬೇಕಾ? ಮಿರರ್ ಬೇಕೇ ಬೇಕು ಅಂದರೆ ಎಚ್310 ಕಾರ್ಡ್ ಹುಡುಕಿ, ಅದು ರೇಡ್ ಇಲ್ಲದೆಯೂ ಡಿಸ್ಕ್ ತೋರಿಸುತ್ತದೆ. ಇಲ್ಲದಿದ್ದರೆ ಕಾರ್ಡಿನ ರೇಡ್ 1 ಸಾಕು, ಇನ್‌ಸ್ಟಾಲರ್‌ನಲ್ಲಿ ಸುಮ್ನೆ ಒಂದೇ ಡಿಸ್ಕ್ ಅಂತ ಹಾಕಿಬಿಡಿ.

ವರ್ಚುವಲ್ ಡಿಸ್ಕ್ ಮಾಡಿದ ಮೇಲೂ ಕಾಣದಿದ್ದರೆ ಡ್ರೈವರ್ ಕಡೆ ನೋಡಿ. ಪಿಎಫ್‌ಸೆನ್ಸ್ ಒಳಗಿರುವುದು ಫ್ರೀಬಿಎಸ್‌ಡಿ ಅನ್ನೋ ಆಪರೇಟಿಂಗ್ ಸಿಸ್ಟಂ. ಅದು ಈ ಕಾರ್ಡಿಗೆ ಎಂಎಫ್‌ಐ ಅನ್ನೋ ಹಳೇ ಡ್ರೈವರ್ ಎತ್ತಿಕೊಂಡಿರಬಹುದು. ಬದಲಿಗೆ ಎಂಆರ್‌ಎಸ್‌ಎಎಸ್ ಡ್ರೈವರ್ ಬಳಸು ಅಂತ ಹೇಳುವ ಟ್ಯೂನಬಲ್ (ಬೂಟ್ ಆಗುವಾಗ ಓದುವ ಸೆಟ್ಟಿಂಗ್) ಒಂದಿದೆ, ಬೂಟ್ ಮೆನುವಿನ ಲೋಡರ್ ಪ್ರಾಂಪ್ಟ್‌ನಲ್ಲಿ ಕೊಡಬಹುದು. ಇನ್‌ಸ್ಟಾಲ್ ಆದ ಮೇಲೆ ಅದನ್ನೇ ಲೋಡರ್ ಫೈಲಿಗೂ ಬರೆಯಿರಿ. ಇದನ್ನು ಮರೆತರೆ ಮುಂದಿನ ರೀಬೂಟ್‌ನಲ್ಲಿ ಡಿಸ್ಕಿನ ಹೆಸರೇ ಬದಲಾಗಿ ಮತ್ತೆ ತಲೆನೋವು.

ಹಳೇ ಕಾರ್ಡ್ ಅಲ್ವಾ, ಬ್ಯಾಟರಿ ಸತ್ತಿದೆ ಅಂತ ಎಚ್ಚರಿಕೆ ಬರಬಹುದು. ಆಗ ಡಿಸ್ಕಿಗೆ ಬರೆಯುವುದು ನಿಧಾನವಾಗುತ್ತದೆ, ಅಷ್ಟೇ. ಫೈರ್‌ವಾಲ್ ಡಿಸ್ಕಿಗೆ ಬರೆಯುವುದು ಕಡಿಮೆ, ಬಿಡಿ.

ನಿಜ ಹೇಳಬೇಕೆಂದರೆ ರೇಡ್ ಬಗ್ಗೆ ಇಷ್ಟು ಒದ್ದಾಡುವ ಅಗತ್ಯವೇ ಇಲ್ಲ. ಪಿಎಫ್‌ಸೆನ್ಸ್‌ನ ಎಲ್ಲ ಸೆಟ್ಟಿಂಗೂ ಒಂದೇ ಒಂದು ಎಕ್ಸ್‌ಎಂಎಲ್ ಫೈಲಿನಲ್ಲಿರುತ್ತದೆ. ನಾನೊಮ್ಮೆ ಎರಡು ಸಂಜೆ ಕೂತು ರೇಡ್ ಸರಿ ಮಾಡಿದೆ, ಮೂರನೇ ದಿನ ತಪ್ಪು ರೂಲ್ ಹಾಕಿ ನನ್ನನ್ನೇ ಹೊರಗೆ ಹಾಕಿಕೊಂಡೆ. ಆ ತಪ್ಪು ರೂಲೂ ಎರಡೂ ಡಿಸ್ಕಿನಲ್ಲಿ ಚೆನ್ನಾಗಿ ಸೇವ್ ಆಗಿತ್ತು! ಡಯಾಗ್ನಾಸ್ಟಿಕ್ಸ್ ಮೆನುವಿನಲ್ಲಿ ಬ್ಯಾಕಪ್ ಇದೆ, ಏನೇ ಬದಲಾಯಿಸಿದರೂ ಆ ಫೈಲನ್ನು ಬೇರೆ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಸರ್ವರ್ ಪೂರ್ತಿ ಕೈಕೊಟ್ಟರೂ ಎರಡು ನೆಟ್‌ವರ್ಕ್ ಪೋರ್ಟ್ ಇರುವ ಯಾವುದಾದರೂ ಪಿಸಿಗೆ ಅದನ್ನು ಹಾಕಬಹುದು. ಪೋರ್ಟಿನ ಹೆಸರು ಬೇರೆ ಇದ್ದರೆ ಯಾವುದು ವ್ಯಾನ್ (ಹೊರಗಿನ ಇಂಟರ್ನೆಟ್), ಯಾವುದು ಲ್ಯಾನ್ (ಒಳಗಿನ ನೆಟ್‌ವರ್ಕ್) ಅಂತ ಮತ್ತೆ ಹೇಳಿಕೊಡಬೇಕು, ಅಷ್ಟೇ.