ಅಜ್ಜನ ಕ್ಯಾಸೆಟ್‌ಗಳನ್ನು ಇಲ್ಲಿಗೆ ತರಬೇಡ

ತಂಗೀ,

ನಿನ್ನ ಪತ್ರ ಓದಿದೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯವಳು, ಲೈಬ್ರರಿ ಸೈನ್ಸ್ ಓದಿದ್ದೀ, ಅಜ್ಜ ಬಿಟ್ಟುಹೋದ ತಾಳಮದ್ದಳೆ (ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನ) ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುತ್ತಾ ಈ ಕೆಲಸದ ರುಚಿ ಹತ್ತಿದೆ. ಈಗ ಇಂಗ್ಲೆಂಡಿನಲ್ಲಿ ಆರ್ಕೈವ್ (ಹಳೆಯ ದಾಖಲೆ ಕಾಪಾಡುವ) ವಿಷಯದ ಮಾಸ್ಟರ್ಸ್‌ಗೆ ಸೀಟು ಸಿಕ್ಕಿದೆ. ಇಲ್ಲಿ ಧ್ವನಿ ಸಂಗ್ರಹದಲ್ಲಿ ಕೆಲಸ ಮಾಡುವ ನನ್ನನ್ನು ನೀನು ಕೇಳಿದ್ದು ಮೂರು ಮಾತು. ಅಲ್ಲಿ ಕೆಲಸ ಸಿಗುತ್ತದಾ? ಬದುಕು ಹೇಗೆ? ಅಲ್ಲಿ ಒಳ್ಳೆಯ ಮೆಷಿನ್ ಇರುವುದರಿಂದ ಅಜ್ಜನ ಕ್ಯಾಸೆಟ್‌ಗಳನ್ನೂ ಜೊತೆಗೆ ತರಲಾ?

ಮೂರನೆಯದಕ್ಕೆ ಮೊದಲೇ ಹೇಳಿಬಿಡುತ್ತೇನೆ: ತರಬೇಡ. ಯಾಕೆ ಅಂತ ಆಮೇಲೆ ಬರೆಯುತ್ತೇನೆ.

ಕೆಲಸದ ವಿಷಯ. ಸಿಗುತ್ತದೆ, ಸುಲಭವಿಲ್ಲ. ಇಲ್ಲಿ ಧ್ವನಿ ಸಂಗ್ರಹದ ಕೆಲಸ ನಡೆಯುವುದು ಹೆಚ್ಚಾಗಿ ಪ್ರಾಜೆಕ್ಟ್ ದುಡ್ಡಿನ ಮೇಲೆ. ಬ್ರಿಟಿಷ್ ಲೈಬ್ರರಿ 2015ರಲ್ಲಿ ತನ್ನ ಹತ್ತಿರ ಇರುವ 65 ಲಕ್ಷದಷ್ಟು ಧ್ವನಿಮುದ್ರಣಗಳನ್ನು ಉಳಿಸಿಕೊಳ್ಳಬೇಕು ಅಂತ ದೊಡ್ಡದಾಗಿ ಹೊರಟಿತು. 2017ರಿಂದ 2022ರವರೆಗೆ ಬೇರೆ ಬೇರೆ ಊರುಗಳ ಸಂಗ್ರಹಗಳನ್ನೂ ಸೇರಿಸಿಕೊಂಡು ಟೇಪು ಇಳಿಸುವ ಕೆಲಸ ನಡೆಯಿತು. ಎಷ್ಟೋ ಹುಡುಗ ಹುಡುಗಿಯರು ಅಲ್ಲಿ ಕೈ ಪಳಗಿಸಿಕೊಂಡರು. ಈಗ ಆ ಭರಾಟೆ ಇಲ್ಲ. ಓದು ಮುಗಿದ ಮೇಲೆ ಇಲ್ಲಿ ಉಳಿದು ಕೆಲಸ ಹುಡುಕಲು ಎರಡು ವರ್ಷದ ವೀಸಾ ಇದೆ. 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳು. ಆಮೇಲೆ ಕೆಲಸದ ವೀಸಾಕ್ಕೆ ಸಂಬಳ ಇಷ್ಟಿರಬೇಕು ಅಂತ ಮಿತಿ. 2025ರ ಜುಲೈಯಿಂದ ಅದು ಸಾಮಾನ್ಯವಾಗಿ ವರ್ಷಕ್ಕೆ 41,700 ಪೌಂಡ್. ಹೊಸಬರಿಗೆ ಸ್ವಲ್ಪ ರಿಯಾಯಿತಿ ಇದೆ. ಆದರೂ ಈಗಷ್ಟೇ ಓದಿ ಬಂದ ಆರ್ಕೈವಿಸ್ಟ್‌ಗೆ ಅಂಥ ಸಂಬಳ ಕೊಡುವವರು ಕಡಿಮೆ. ಏಜೆಂಟ್ ಇದನ್ನು ಹೇಳಿರುವುದಿಲ್ಲ. ತೋಟ ಅಡವಿಟ್ಟು ಸಾಲ ತೆಗೆಯುವುದಾದರೆ ಅಪ್ಪನ ಹತ್ತಿರ ಕೂತು ಈ ಲೆಕ್ಕ ಮಾತಾಡು. ಈ ವರ್ಷ ಅಡಿಕೆಗೆ ರೇಟು ಇದೆ ಅಂತ ಧೈರ್ಯ ಮಾಡಬೇಡಿ.

ಬದುಕಿನ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಚಳಿಗೆ ಒಗ್ಗಿಕೊಳ್ಳಬಹುದು. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುವುದಕ್ಕೆ ನಾನಂತೂ ಇನ್ನೂ ಒಗ್ಗಿಲ್ಲ. ಕುಚ್ಚಲಕ್ಕಿ ಮಲಯಾಳಿಗಳ ಅಂಗಡಿಯಲ್ಲಿ ಸಿಗುತ್ತದೆ. ಹಲಸಿನ ಹಪ್ಪಳ ಸಿಗುವುದಿಲ್ಲ, ತಾ. ಮನೆಯವರ ನೆನಪು ಬರುತ್ತದಾ ಅಂತ ಕೇಳಿದ್ದೀ. ಬರುತ್ತದೆ.

ನೀನು ಕೇಳದೇ ಇದ್ದ ಒಂದು ವಿಷಯ ಹೇಳುತ್ತೇನೆ. ನಾನು ಬಂದ ಹೊಸದರಲ್ಲಿ ಆಫೀಸಿನಲ್ಲಿ ಒಬ್ಬರು ಇಂಡಿಯಾದಲ್ಲಿ ಎಲ್ಲಿ ಅಂತ ಕೇಳಿದರು. ಕೇರಳ ಅಂದೆ. ಹಾಗಾದರೆ ಮಲಯಾಳ ಟೇಪುಗಳೆಲ್ಲ ನಿನಗೇ ಅಂತ ಖುಷಿಯಿಂದ ಒಂದು ಪಟ್ಟಿ ಕೊಟ್ಟರು. ಕೇರಳದ ಎಸ್ಸೆಸ್ಸೆಲ್ಸಿಯನ್ನು ಕನ್ನಡದಲ್ಲಿ ಬರೆದವಳು ನಾನು. ಮನೆಯಲ್ಲಿ ಹವ್ಯಕ ಮಾತು, ಗದ್ದೆಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ. ನಿನಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ, ಅಲ್ವಾ? ಅವರಿಗೆ ಹೇಳಲು ನನಗೆ ಮ್ಯಾಪ್ ಬೇಕಾಯಿತು. ಇಲ್ಲಿಯೂ ನವೆಂಬರ್ 1 ಬಂದರೆ ಕನ್ನಡದವರ ರಾಜ್ಯೋತ್ಸವಕ್ಕೂ ಕರೆ, ಮಲಯಾಳಿಗಳ ಕೇರಳಪ್ಪಿರವಿಗೂ (ಕೇರಳ ಹುಟ್ಟಿದ ದಿನ) ಕರೆ. 1956ರ ಅದೇ ದಿನ ಎರಡೂ ರಾಜ್ಯ ಆದದ್ದು. ಒಂದು ಕಡೆ ಇವಳು ಕೇರಳದವಳು ಅನ್ನುತ್ತಾರೆ, ಇನ್ನೊಂದು ಕಡೆ ಇವಳದ್ದು ಕನ್ನಡ ಅನ್ನುತ್ತಾರೆ. ಮೊದಲು ಬೇಜಾರಾಗುತ್ತಿತ್ತು. ಈಗ ಎರಡೂ ಕಡೆ ಊಟಕ್ಕೆ ಹೋಗುತ್ತೇನೆ.

ಆದರೆ ಕೆಲಸದಲ್ಲಿ ಈ ಗಡಿನಾಡಿನ ಕಿವಿಯೇ ನಮ್ಮ ಬಂಡವಾಳ. ಅಷ್ಟು ಜಂಬ ನನಗಿದೆ.

ಈ ಕೆಲಸ ನಿಧಾನದ್ದು. ಒಂದು ಗಂಟೆಯ ಟೇಪು ಇಳಿಸಲು ಒಂದು ಗಂಟೆ ಬೇಕೇ ಬೇಕು, ಬೇಗ ಬೇಗ ಓಡಿಸಲು ಬರುವುದಿಲ್ಲ. ಅದಕ್ಕೆ ಮೊದಲು ಒರೆಸುವುದು, ಹೆಡ್ಡಿನ (ಟೇಪನ್ನು ಓದುವ ಭಾಗ) ಕೋನ ಸರಿ ಮಾಡುವುದು, ಆಮೇಲೆ ಕೇಳಿ ಬರೆಯುವುದು. 96 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಇಳಿಸಿದರೆ ಒಂದು ಗಂಟೆಯ ಸ್ಟೀರಿಯೋ ಸುಮಾರು 2 ಜಿಬಿ ಆಗುತ್ತದೆ. 70, 80ರ ದಶಕದ ಕೆಲವು ಪಾಲಿಯೆಸ್ಟರ್ ಟೇಪುಗಳು ತೇವ ಹೀರಿಕೊಂಡು ಅಂಟಂಟಾಗುತ್ತವೆ. ಅವನ್ನು 50 ಡಿಗ್ರಿ ಆಸುಪಾಸಿನಲ್ಲಿ ಗಂಟೆಗಟ್ಟಲೆ ಬಿಸಿ ಮಾಡಿ ತಣಿಸಿದರೆ ಸ್ವಲ್ಪ ಕಾಲ ಓಡುತ್ತವೆ. ಅದಕ್ಕಿಂತ ಹಳೆಯ ಅಸಿಟೇಟ್ ಟೇಪಿಗೆ ಹಾಗೆ ಮಾಡಿದರೆ ಅದು ಹಾಳು. ಗುರುತಿಸುವುದು ಸುಲಭ. ರೀಲನ್ನು ಬೆಳಕಿಗೆ ಹಿಡಿದರೆ ಅಸಿಟೇಟ್‌ನ ಸುತ್ತುಗಳ ಆಚೆಯಿಂದ ಬೆಳಕು ಕಾಣುತ್ತದೆ. ಇಂಥದ್ದೆಲ್ಲ ಇಲ್ಲಿ ಕಲಿಸುತ್ತಾರೆ. ಮೆಷಿನ್ ರಿಪೇರಿ ಅಷ್ಟಾಗಿ ಕಲಿಸುವುದಿಲ್ಲ. ಟೇಪು ಎಷ್ಟೇ ಚೆನ್ನಾಗಿದ್ದರೂ ಅದನ್ನು ಓಡಿಸುವ ಡೆಕ್ಕುಗಳನ್ನು ಈಗ ಹೊಸದಾಗಿ ಮಾಡುವವರು ಇಲ್ಲದ ಹಾಗೆಯೇ. ಬಿಡಿಭಾಗ ಸಿಕ್ಕುವುದಿಲ್ಲ, ಕೈ ಹಾಕಲು ಗೊತ್ತಿರುವವರು ಮುದುಕರಾಗಿದ್ದಾರೆ. ಬರುವ ಮೊದಲು ಕಾಸರಗೋಡು ಪೇಟೆಯಲ್ಲಿಯೋ ಕುಂಬಳೆಯಲ್ಲಿಯೋ ಹಳೆಯ ಟೂ-ಇನ್-ವನ್ (ರೇಡಿಯೋ ಕ್ಯಾಸೆಟ್ ಎರಡೂ ಇರುವ ಸೆಟ್) ರಿಪೇರಿ ಮಾಡುತ್ತಿದ್ದವರು ಯಾರಾದರೂ ಸಿಕ್ಕಿದರೆ, ಕೆಲವು ದಿನ ಅವರ ಅಂಗಡಿಯಲ್ಲಿ ಕೂತುಕೋ. ಬೆಲ್ಟ್ ಹಾಕುವುದು, ರೋಲರ್ ಬದಲಿಸುವುದು ಕಲಿ. ಸಂದರ್ಶನದಲ್ಲಿ ನಿನ್ನ ಸರ್ಟಿಫಿಕೇಟಿಗಿಂತ ಅದಕ್ಕೆ ಬೆಲೆ.

ಈಗ ಕ್ಯಾಸೆಟ್ ಮಾತು.

ನಾನಿರುವ ಸಂಗ್ರಹದಲ್ಲಿ 1960ರ ದಶಕದ ಒಂದು ರೀಲು ಇದೆ. ಊರೂರು ತಿರುಗಿ ಮುದ್ರಿಸಿಕೊಂಡ ಒಬ್ಬ ಸಂಶೋಧಕರದ್ದು. ಡಬ್ಬದ ಮೇಲೆ ‘ಕ್ಯಾನನೂರು ಜಿಲ್ಲೆ, ಕೇರಳ. ಮಲಯಾಳ. ಹೆಂಗಸರ ಕೆಲಸದ ಹಾಡು. ಹಾಡಿದವರು ಗೊತ್ತಿಲ್ಲ. ಕೊನೆಗೆ ದೋಷವಿದೆ’ ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಕಾಸರಗೋಡು ಬೇರೆ ಜಿಲ್ಲೆ ಆದದ್ದು 1984ರಲ್ಲಿ, ಅಲ್ಲಿಯವರೆಗೆ ಕಣ್ಣೂರಿನ ಒಳಗೇ ಅಲ್ವಾ? ಹಾಗಾಗಿ ಪಟ್ಟಿ ಮಾಡಿದವರು ಕೇರಳ ಅಂದ ಮೇಲೆ ಮಲಯಾಳ ಅಂತ ಬರೆದುಬಿಟ್ಟಿದ್ದಾರೆ. ನನ್ನ ಪಾಲಿಗೆ ಬಂದದ್ದೂ ಅದೇ ಕಾರಣಕ್ಕೆ. ಹಾಕಿದರೆ ಓಬೇಲೆ! ನೇಜಿ (ಭತ್ತದ ಸಸಿ) ನೆಡುವ ಹಾಡು, ಅಪ್ಪಟ ತುಳು. ಒಬ್ಬರು ಹೇಳುವುದು, ಉಳಿದವರು ಎತ್ತಿಕೊಳ್ಳುವುದು. ಹಿಂದೆ ನೀರಿನ ಸದ್ದು. ಹೆಡ್‌ಫೋನ್ ತೆಗೆದು ಹೊರಗೆ ಹೋಗಿ ಒಂದು ಚಾ ಕುಡಿದು ಬಂದೆ.

ಕೊನೆಯ ದೋಷ ಅಂದರೆ ಬ್ಯಾಟರಿಯದ್ದು. ಮುದ್ರಿಸುವಾಗ ಬ್ಯಾಟರಿ ಇಳಿದರೆ ಟೇಪು ನಿಧಾನ ಓಡುತ್ತದೆ, ನಾವು ಸರಿಯಾದ ವೇಗದಲ್ಲಿ ಹಾಕಿದಾಗ ದನಿ ಏರಿ ಗಿಳಿಮರಿಯ ಹಾಗೆ ಕೇಳುತ್ತದೆ. ಅದನ್ನು ಯಾರೂ ಕೇಳಲು ಹೋಗಿರಲಿಲ್ಲ. ಪ್ರಶ್ನೆ ಕೇಳುವ ಗಂಡಸಿನ ದನಿ ಟೇಪಿನ ಸುರುವಿನಲ್ಲೂ ಇತ್ತು. ಆ ದನಿಗೆ ಹೊಂದುವವರೆಗೆ ವೇಗ ಇಳಿಸಿದೆ. ಕಾಪಿಯಲ್ಲಿ ಮಾಡಿದ್ದು, ಮೂಲದಿಂದ ಇಳಿಸಿದ ಫೈಲನ್ನು ಮುಟ್ಟುವ ಹಾಗಿಲ್ಲ, ಅದು ನಮ್ಮ ಕೆಲಸದ ಮೊದಲ ನಿಯಮ. ಆಗ ಕೇಳಿಸಿತು. ಗಂಡಸು ಮಲಯಾಳದಲ್ಲಿ ಹೆಸರು ಕೇಳುತ್ತಾರೆ. ‘ಎನ್ನ ಪುದರ್ ಈರೆಗ್ ದಾಯೆಗ್?’ (ನನ್ನ ಹೆಸರು ನಿಮಗೆ ಯಾಕೆ?) ಅಂತ ಹಾಡಿದ ಹೆಂಗಸು ನಗುತ್ತಾರೆ. ಆಮೇಲೆ ಹೆಸರು ಹೇಳುತ್ತಾರೆ, ಮನೆಯನ್ನೂ ಹೇಳುತ್ತಾರೆ. ಹೆಸರು ಇಲ್ಲಿ ಬರೆಯುವುದಿಲ್ಲ, ಮನೆಯವರನ್ನು ಅದಕ್ಕೆ ಕೇಳಿಲ್ಲ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ನನ್ನ ಅಣ್ಣ ಪೆರ್ಲದ ಕಡೆ ವಿಚಾರಿಸಿದ, ಸಿಕ್ಕಿತು. ಹಾಡಿದವರು ಹೋಗಿ ಎಷ್ಟೋ ಕಾಲವಾಗಿತ್ತು. ಮಗಳು ಇದ್ದರು. ಅಮ್ಮನದ್ದು ಒಂದು ಫೋಟೋ ಕೂಡ ಇಲ್ಲ, ದನಿ ಇದೆಯಾ ಅಂತ ಕೇಳಿದರಂತೆ.

ನಾನು ಇಲ್ಲಿ ಅರ್ಜಿ ಹಾಕಿದೆ. ಆ ಸಂಶೋಧಕರು ಟೇಪು ಕೊಡುವಾಗ ಸಹಿ ಮಾಡಿದ ಒಪ್ಪಂದದಲ್ಲಿ, ಇಲ್ಲಿಗೇ ಬಂದು ಕೇಳಬಹುದು, ಪ್ರತಿ ಕೊಡಬಾರದು ಅಂತ ಇತ್ತು. ಅವರೂ ತೀರಿಕೊಂಡಿದ್ದರು. ವಾರಸುದಾರರನ್ನು ಹುಡುಕಬೇಕು, ಅವರು ಒಪ್ಪಬೇಕು, ವಕೀಲರು ನೋಡಬೇಕು, ಕಮಿಟಿ ಕೂರಬೇಕು. ಯಾರೂ ಕೆಟ್ಟವರಲ್ಲ. ಎಲ್ಲರೂ ನಿಯಮದ ಪ್ರಕಾರವೇ ನಡೆದರು. ನೇಜಿ ಕಾಲ ಬಂತು, ಹೋಯಿತು, ಮತ್ತೆ ಬಂತು. ಹಾಡಿದವರ ಮಗಳು ತಾಯಿಯ ದನಿ ಕೇಳಲು ಮುದ್ರಿಸಿದವರ ಮಕ್ಕಳ ಒಪ್ಪಿಗೆ ಬೇಕು ಅನ್ನುವುದನ್ನು ನಾನು ಅಣ್ಣನಿಗೆ ಫೋನಿನಲ್ಲಿ ಹೇಗೆ ವಿವರಿಸಲಿ? ಅವನು ಅವರಿಗೆ ಏನು ಹೇಳಿಯಾನು? ಕೊನೆಗೆ ಒಪ್ಪಿಗೆ ಬಂತು. ಫೈಲು ಕಳಿಸಿದೆ. ಅಷ್ಟು ಹೊತ್ತಿಗೆ ಆ ಮಗಳಿಗೆ ಕಿವಿ ಹೋಗಿತ್ತು. ಮೊಮ್ಮಗ ಫೋನನ್ನು ಕಿವಿಗೆ ಒತ್ತಿ ಹಿಡಿದನಂತೆ. ಹಾಡುತ್ತಿದ್ದಾರಾ ಅಂತ ಕೇಳಿದರಂತೆ. ಹಂಚಬಾರದು ಅಂತ ಪತ್ರದಲ್ಲಿ ಷರತ್ತು ಇತ್ತು; ಸಂಜೆಗೆ ಅದು ಅವರ ಕುಟುಂಬದ ವಾಟ್ಸಾಪ್ ಗುಂಪಿನಲ್ಲೆಲ್ಲ ಓಡಾಡಿದ್ದು ನನಗೆ ಗೊತ್ತಾಯಿತು. ನಾನು ಯಾರಿಗೂ ಹೇಳಿಲ್ಲ.

ಇದು ನನಗೆ ಇನ್ನೂ ಕೊರೆಯುತ್ತದೆ. ಆ ರೀಲು ಊರಿನಲ್ಲಿ ಇದ್ದಿದ್ದರೆ ನಮ್ಮ ಮಳೆಗಾಲಕ್ಕೆ ಬೂಷ್ಟು ಹಿಡಿದು ಎಂದೋ ಹೋಗುತ್ತಿತ್ತು, ಅದೂ ನಿಜ. ಇಲ್ಲಿನ ತಣ್ಣಗಿನ ಕೋಣೆಯೇ ಅದನ್ನು ಉಳಿಸಿದ್ದು. ಆದರೆ ಒಳಗೆ ಬಂದದ್ದು ಹೊರಗೆ ಹೋಗುವ ದಾರಿ ತುಂಬಾ ಸಪೂರ. ಇದು ಹೊಸ ಸಂಗತಿಯಲ್ಲ. ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ತಮಿಳುನಾಡು, ಕೇರಳ, ಕರ್ನಾಟಕದ ಕಡೆ ಮುದ್ರಿಸಿದ್ದನ್ನು ಹಿಡಿದುಕೊಂಡು ಸಂಗೀತ ಸಂಶೋಧಕರಾದ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಅದೇ ಜಾಗಗಳಿಗೆ ಹೋದದ್ದು 1984ರಲ್ಲಿ. ಹೊರದೇಶದವರು ಮುದ್ರಿಸಿಕೊಂಡು ಹೋದದ್ದರ ಪ್ರತಿ ಭಾರತದಲ್ಲೂ ಇರಲಿ ಅಂತಲೇ 1982ರಲ್ಲಿ ಒಂದು ಸಂಗ್ರಹ ಸುರುವಾಯಿತು, ಈಗ ಅದು ಗುರುಗ್ರಾಮದಲ್ಲಿದೆ. ಒಳ್ಳೆಯ ರೀತಿಯಲ್ಲಿ ಆದದ್ದೂ ಇದೆ. 1990ರಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ, ನಮ್ಮ ಕಡೆಯ ವಿದ್ವಾಂಸರಾದ ವಿವೇಕ ರೈ, ಚಿನ್ನಪ್ಪ ಗೌಡರ ಜೊತೆ ಸೇರಿ ಬೆಳ್ತಂಗಡಿಯ ಗೋಪಾಲ ನಾಯ್ಕರು ಹೇಳಿದ ಸಿರಿ ಪಾಡ್ದನವನ್ನು (ತುಳುವಿನ ಕಥೆ ಹಾಡು) ಮುದ್ರಿಸಿಕೊಂಡರು. 15,683 ಸಾಲು. ಅಚ್ಚಾದ ಪುಸ್ತಕದ ಹೆಸರಿನಲ್ಲೇ ಹಾಡಿದವರ ಹೆಸರಿದೆ.

ಅದಕ್ಕೇ ಹೇಳಿದ್ದು. ಮೂಲ ಕ್ಯಾಸೆಟ್ ಊರಿನಲ್ಲಿಯೇ ಇರಲಿ. ಅಟ್ಟದಲ್ಲಿ ಬೇಡ, ಗೋಡೆಗೆ ತಾಗಿದ ಕಪಾಟಿನಲ್ಲೂ ಬೇಡ. ಬೂಷ್ಟು ಕಂಡದ್ದನ್ನು ಬೇರೆ ಇಡು, ಡೆಕ್ಕಿಗೆ ಹಾಕಬೇಡ. ಒಂದರ ಬೂಷ್ಟು ಹೆಡ್ಡಿನಿಂದ ಉಳಿದವಕ್ಕೂ ಹರಡುತ್ತದೆ, ನಿನ್ನ ಎದೆಗೂ ಒಳ್ಳೆಯದಲ್ಲ. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಜನಪದ ರಂಗಕಲೆಗಳ ಕೇಂದ್ರ ಇದೆ, ಹೋಗಿ ಮಾತಾಡು. ಎಲ್ಲಿಗೆ ಪ್ರತಿ ಕೊಟ್ಟರೂ ‘ಮನೆಯವರಿಗೂ ಹಾಡಿದವರ ಕಡೆಯವರಿಗೂ ಕೇಳಿದಾಗ ಪ್ರತಿ ಕೊಡತಕ್ಕದ್ದು’ ಅಂತ ಒಂದು ಸಾಲು ಬರೆಸಿಕೊಂಡೇ ಸಹಿ ಹಾಕು.

ಮತ್ತೆ ಹೆಸರು ಬರೆ. ಹೊರಡುವ ಮೊದಲು ಇದೊಂದನ್ನು ಮಾಡು, ಉಳಿದದ್ದು ಆಮೇಲೆ ಆದೀತು. ಪ್ರಸಂಗ ಯಾವುದು, ಹಾಡಿದ ಭಾಗವತರು ಯಾರು, ಯಾವ ಪಾತ್ರಕ್ಕೆ ಯಾರ ಅರ್ಥ (ಪಾತ್ರದ ಮಾತು), ಚೆಂಡೆ ಮದ್ದಳೆ ಯಾರದ್ದು, ಯಾರ ಮನೆಯಲ್ಲಿ, ಏನು ವಿಶೇಷಕ್ಕೆ. ರಾತ್ರಿ ಇಡೀ ನಡೆದ ಕೂಟಕ್ಕೆ ಎಷ್ಟು ಕ್ಯಾಸೆಟ್, ಯಾವುದರ ನಂತರ ಯಾವುದು. ಅಜ್ಜನ ಜೊತೆ ಕೂಟಕ್ಕೆ ಹೋಗುತ್ತಿದ್ದವರು ಇನ್ನೂ ಒಂದಿಬ್ಬರು ಇರಬಹುದು. ಅವರ ಮನೆಗೆ ಹೋಗಿ ಕೇಳಿಸು. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ, ಬಲಿಪ ನಾರಾಯಣ ಭಾಗವತರ ಪದ ಇರುವ ಕ್ಯಾಸೆಟ್ ಸಿಕ್ಕಿತು ಅಂತ ನೀನು ಹಿಗ್ಗಿದ್ದೀ. ಹಿಗ್ಗು, ತಪ್ಪಿಲ್ಲ. ಆದರೆ ಅವರ ದನಿ ಬೇರೆ ಹತ್ತು ಮನೆಗಳಲ್ಲೂ ಇದೆ. ಯಾರದ್ದು ಅಂತ ಗೊತ್ತಾಗದ ಒಂದು ದನಿ ಆ ಕ್ಯಾಸೆಟ್‌ಗಳಲ್ಲಿ ಇರುತ್ತದೆ ನೋಡು, ನಿನ್ನ ಅಜ್ಜನ ಊರಿನವರೇ ಯಾರೋ, ಅದನ್ನು ಮೊದಲು ಇಳಿಸು.

ಇನ್ನೊಂದು ಮರೆತಿದ್ದೆ. ರೂಮಿನ ಫೋಟೋ ನೋಡಿ ಊರಿಂದಲೇ ಅಡ್ವಾನ್ಸ್ ಕಳಿಸಬೇಡ, ಇದರಲ್ಲಿ ಮೋಸ ತುಂಬಾ. ಮೊದಲ ವರ್ಷ ಯೂನಿವರ್ಸಿಟಿಯ ಹಾಸ್ಟೆಲ್ ತೆಗೆದುಕೋ, ತುಟ್ಟಿಯಾದರೂ ಪರವಾಗಿಲ್ಲ. ಆಮೇಲೆ ಬಾಡಿಗೆಗೆ ಹೋದರೆ, ಮಾಲೀಕರು ನಿನ್ನ ಡೆಪಾಸಿಟ್ಟನ್ನು 30 ದಿನದೊಳಗೆ ಸರಕಾರ ಒಪ್ಪಿದ ಸ್ಕೀಮಿನಲ್ಲಿ ಇಟ್ಟು ಅದರ ಕಾಗದ ಕೊಡಬೇಕು. ಕೇಳಲು ನಾಚಬೇಡ. ವೀಸಾ ಆದ ಕೂಡಲೇ ತಿಳಿಸು, ಹಪ್ಪಳ ನನಗೂ ಒಂದು ಕಟ್ಟು ಇರಲಿ.

ನಿನ್ನ ಅಕ್ಕ