ಕಾರಿನ ಕಂತು, ಬಿಪಿ ಮಾತ್ರೆ: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಮೇಡಂ, ನಿಮ್ಮ ಪತ್ರ ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಮನೆಯವರ ಸಂಬಳ ಅರ್ಧ ಆಗಿದೆ, ಆರು ತಿಂಗಳಿಂದ ಹೊಸ ಬಟ್ಟೆ ಇಲ್ಲ, ಹೊರಗೆ ಊಟ ಇಲ್ಲ, ಬಿಪಿ ಮಾತ್ರೆನೂ ದಿನ ಬಿಟ್ಟು ದಿನ ತಗೋತಾ ಇದೀನಿ, ಕಾರಿನ ಕಂತು ಮಾತ್ರ ತಪ್ಪಿಸಿಲ್ಲ ಅಂತ ಬರ್ದಿದೀರಿ. ಜನ ಖರ್ಚು ನಿಲ್ಲಿಸಿದ್ರೆ ಆರ್ಥಿಕತೆ ಇನ್ನೂ ಕುಸಿಯುತ್ತೆ ಅಂತ ನಮ್ಮ ಲೇಖನದಲ್ಲಿತ್ತಲ್ಲ, ಹಾಗಾದ್ರೆ ನಾನು ಮಾಡ್ತಿರೋದು ತಪ್ಪಾ ಅಂತ ಕೇಳಿದೀರಿ.

ತಪ್ಪಲ್ಲ. ಒಬ್ಬರ ಖರ್ಚು ಇನ್ನೊಬ್ಬರ ಸಂಪಾದನೆ, ಎಲ್ರೂ ಒಟ್ಟಿಗೆ ಕೈ ಬಿಗಿ ಹಿಡಿದ್ರೆ ಎಲ್ರ ಆದಾಯನೂ ಇಳಿಯುತ್ತೆ ಅಂತ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಕೇನ್ಸ್ 1936ರಲ್ಲೇ ವಿವರಿಸಿದ್ರು, ಅದು ನಿಜ. ಆದ್ರೆ ಅವ್ರು ಅದಕ್ಕೆ ಪರಿಹಾರ ಕೇಳಿದ್ದು ಮುಖ್ಯವಾಗಿ ಸರ್ಕಾರದ ಹತ್ರ, ಸಂಬಳ ಅರ್ಧ ಆಗಿರೋ ಮನೆ ಹತ್ರ ಅಲ್ಲ. ಇದನ್ನ ನಾವು ಆ ಲೇಖನದಲ್ಲೇ ಬರೀಬೇಕಿತ್ತು, ಬರೀಲಿಲ್ಲ, ಕ್ಷಮಿಸಿ.

ನನಗೆ ಚಿಂತೆ ಆಗಿರೋದು ಮಾತ್ರೆ ವಿಷ್ಯ. ನೀವೊಬ್ರೇ ಹೀಗೆ ಮಾಡ್ತಿಲ್ಲ, ಕಷ್ಟ ಬಂದಾಗ ನಮ್ಮಲ್ಲಿ ಎಷ್ಟೋ ಜನ ಕತ್ತರಿ ಹಾಕೋದು ಬೇರೆಯವರ ಕಣ್ಣಿಗೆ ಬೀಳದ ಖರ್ಚಿಗೆ. ಡಾಕ್ಟರ್ ಚೆಕಪ್ ಮುಂದಕ್ಕೆ ಹೋಗುತ್ತೆ, ಇನ್ಶೂರೆನ್ಸ್ ಪ್ರೀಮಿಯಂ ಮುಂದಕ್ಕೆ ಹೋಗುತ್ತೆ, ಹಲ್ಲು ನೋವು ತಡ್ಕೊಂಡ್ ಇರ್ತೀವಿ, ಆದ್ರೆ ಮನೆ ಮುಂದೆ ನಿಂತಿರೋ ಕಾರು ಹೋದ್ರೆ ಅಕ್ಕಪಕ್ಕದವ್ರು ಏನಂದ್ಕೋತಾರೋ ಅಂತ ಅದನ್ನ ಮಾತ್ರ ಹಿಡ್ಕೊಂಡಿರ್ತೀವಿ. ಡ್ಯೂಸೆನ್‌ಬೆರ್ರಿ ಅನ್ನೋ ಅರ್ಥಶಾಸ್ತ್ರಜ್ಞರು 1949ರಲ್ಲೇ ಇದನ್ನ ಹೇಳಿದ್ರು, ಒಂದ್ಸಲ ಮೇಲೆ ಹೋದ ಜೀವನಮಟ್ಟ ಆದಾಯ ಇಳಿದಷ್ಟು ಬೇಗ ಇಳಿಯಲ್ಲ, ಯಾಕಂದ್ರೆ ನಾವು ಖರ್ಚು ಮಾಡೋದು ನಮ್ಮ ಹಳೇ ದಿನಗಳನ್ನೂ ಸುತ್ತಲಿನವರನ್ನೂ ನೋಡ್ಕೊಂಡು.

ಊಟದ ಸಾಮಾನಿಗೇ ಸಂಬಳದ ದೊಡ್ಡ ಪಾಲು ಹೋಗ್ತಿದೆ, ನಂಗೆ ಮನೆ ನಡೆಸೋಕೆ ಬರ್ತಿಲ್ಲ ಅಂತಾನೂ ಬರ್ದಿದೀರಿ. ಅದು ನಿಮ್ಮ ಕೈಲಾಗದ್ದಕ್ಕೆ ಅಲ್ಲ ಮೇಡಂ. ಆದಾಯ ಕಮ್ಮಿ ಇದ್ದಷ್ಟೂ ಅದರಲ್ಲಿ ಊಟದ ಪಾಲು ಜಾಸ್ತಿ ಅಂತ ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲಿ ಕುಟುಂಬಗಳ ಲೆಕ್ಕ ಹಾಕಿ ತೋರಿಸಿದ್ರು, ಸಂಬಳ ಅರ್ಧ ಆಯ್ತು ಅಂತ ಹಸಿವು ಅರ್ಧ ಆಗಲ್ವಲ್ಲ. ಅಲ್ಲಿ ಇನ್ನೂ ಹಿಂಡೋಕೆ ಹೋಗ್ಬೇಡಿ. ಬೆಲೆ ಅದೇ ಇಟ್ಟು ಪ್ಯಾಕೆಟ್ ತೂಕ ಕಮ್ಮಿ ಮಾಡಿರ್ತಾರೆ, ಅದನ್ನೊಂದು ನೋಡ್ಕೊಂಡು ತಗೊಳ್ಳಿ ಸಾಕು. ಮಗಳಿಗೆ ಒಂದು ಲಿಪ್‌ಸ್ಟಿಕ್ ಕೊಡಿಸಿ ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ ಅಂದಿದೀರಲ್ಲ, ಆ ದುಡ್ಡಿಂದ ಯಾವ ಮನೆನೂ ಮುಳುಗಲ್ಲ, ಆ ಹುಡುಗಿನೂ ಆರು ತಿಂಗಳಿಂದ ಏನೂ ಕೇಳದೆ ಇದಾಳೆ.

ದೊಡ್ಡ ಸಾಮಾನಿನ ವಿಷ್ಯದಲ್ಲಿ ಜನ ಸಾಮಾನ್ಯವಾಗಿ ಮಾಡೋದು ಮುಂದೂಡೋದು. ಅಮೆರಿಕದಲ್ಲಿ 2007ರಲ್ಲಿ ಸುಮಾರು 1 ಕೋಟಿ 60 ಲಕ್ಷ ಹೊಸ ಗಾಡಿ ಮಾರಾಟ ಆಗಿದ್ವು, ಆರ್ಥಿಕ ಕುಸಿತ ಬಂದ್ಮೇಲೆ 2009ರಲ್ಲಿ ಅದು ಸುಮಾರು 1 ಕೋಟಿ 4 ಲಕ್ಷಕ್ಕೆ ಬಂತು, ಜನ ಹಳೇ ಗಾಡಿನೇ ರಿಪೇರಿ ಮಾಡಿಸ್ಕೊಂಡು ಓಡಿಸಿದ್ರು. ಆದ್ರೆ ಸಾಲದಲ್ಲಿ ಆಗ್ಲೇ ತಗೊಂಡಿರೋ ಕಾರಿಗೆ ಮುಂದೂಡೋ ದಾರಿ ಇಲ್ಲ. ಸಾಲ ಎಷ್ಟು ಬಾಕಿ ಇದೆ, ಈಗ ಮಾರಿದ್ರೆ ಎಷ್ಟು ಬರುತ್ತೆ, ಎರಡನ್ನೂ ಒಂದು ಹಾಳೆ ಮೇಲೆ ಬರೀರಿ, ಮನೆಯವರನ್ನ ಪಕ್ಕದಲ್ಲಿ ಕೂರಿಸ್ಕೊಂಡೇ ಬರೀರಿ. ಮಾರೋದು ಬೇಡ ಅನ್ನಿಸಿದ್ರೆ ಕಂತು ತಪ್ಪೋಕೆ ಮುಂಚೆನೇ ಬ್ಯಾಂಕಿಗೆ ಹೋಗಿ ಅವಧಿ ಜಾಸ್ತಿ ಮಾಡಿ ಕಂತು ಇಳಿಸೋಕೆ ಆಗುತ್ತಾ ಕೇಳಿ, ಬಡ್ಡಿ ಒಟ್ಟು ಜಾಸ್ತಿ ಆಗುತ್ತೆ ಅನ್ನೋದು ಗೊತ್ತಿರ್ಲಿ. ಕ್ರೆಡಿಟ್ ಕಾರ್ಡಲ್ಲಿ ಮಿನಿಮಮ್ ಮಾತ್ರ ಕಟ್ಟಿ ದಿನ ತಳ್ಳೋದು ಮಾತ್ರ ಬೇಡ.

ಇದಕ್ಕೆಲ್ಲ ಒಂದೆರಡು ವಾರ ಹಿಡೀಬಹುದು, ಮಾತ್ರೆ ಅಲ್ಲೀವರೆಗೆ ಕಾಯೋ ಹಾಗಿಲ್ಲ. ಬಿಪಿ ಮಾತ್ರೆ ಬಿಟ್ಟು ಬಿಟ್ಟು ತಗೊಂಡ್ರೆ ಸ್ಟ್ರೋಕ್ ಅಪಾಯ ಜಾಸ್ತಿ. ನಾಳೆನೇ ಡಾಕ್ಟರ್ ಹತ್ರ ಹೋಗಿ, ದುಡ್ಡಿಲ್ಲ ಅಂತ ಮಾತ್ರೆ ಬಿಡ್ತಿದ್ದೆ ಅಂತ ಸಂಕೋಚ ಇಲ್ದೆ ಹೇಳಿ, ಇದೇ ಔಷಧಿ ಕಮ್ಮಿ ಬೆಲೆಯ ಜೆನೆರಿಕ್‌ನಲ್ಲಿ ಬರ್ಕೊಡಿ ಅಂತ ಕೇಳಿ.