ಆಕ್ಟೋಪಸ್‌ಗೆ ಇರುವುದು ಒಂದೇ ಮೆದುಳು

ಪ್ರಶ್ನೆ: ಆಕ್ಟೋಪಸ್‌ಗೆ ಒಂಬತ್ತು ಮೆದುಳುಗಳಿದ್ದು, ಒಂದೊಂದು ತೋಳೂ ತಾನೇ ಯೋಚಿಸುತ್ತದೆ ಎನ್ನುವುದು ನಿಜವೇ?

ಉತ್ತರ: ಅಲ್ಲ. ಈ ಪ್ರಶ್ನೆಗೆ ಉತ್ತರಿಸುತ್ತಿರುವುದು ಎಷ್ಟನೆಯ ಸಲವೋ ಲೆಕ್ಕ ತಪ್ಪಿದೆಯಾದ್ದರಿಂದ ಈ ಬಾರಿ ವಿವರವಾಗಿಯೇ ಬರೆಯುತ್ತೇನೆ. ಆಕ್ಟೋಪಸ್‌ನ ಮೆದುಳು ಒಂದೇ. ಉದ್ದಿನ ವಡೆಯಂತಿರುವ ಅದರ ನಡುವಿನ ತೂತಿನಲ್ಲಿ ಅನ್ನನಾಳ ಹಾದುಹೋಗುತ್ತದೆ. ಒಂಬತ್ತರ ಕಥೆ ಹುಟ್ಟಿದ್ದು ಮಾತ್ರ ನಿಜವಾದ ಒಂದು ಅಂಕಿಯಿಂದ: ಅದರ ಸುಮಾರು 50 ಕೋಟಿ ನರಕೋಶಗಳಲ್ಲಿ ಮೂರರಲ್ಲಿ ಎರಡು ಪಾಲು ತೋಳುಗಳಲ್ಲಿವೆ. ಮೂಳೆಯಾಗಲಿ ಕೀಲಾಗಲಿ ಇಲ್ಲದೆ ಎಲ್ಲಿ ಬೇಕಾದರೂ ಬಾಗುವ ತೋಳುಗಳನ್ನೂ, ಸ್ಪರ್ಶದ ಜೊತೆಗೆ ರುಚಿಯನ್ನೂ ಗ್ರಹಿಸುವ ನೂರಾರು ಹೀರುಬಟ್ಟಲುಗಳನ್ನೂ ಕ್ಷಣಕ್ಷಣಕ್ಕೆ ನಿಭಾಯಿಸುವ ಕೆಲಸ ಸಣ್ಣದಲ್ಲ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಸಂಶೋಧಕರು, ಮೆದುಳಿನ ಸಂಪರ್ಕ ಕಡಿದ ತೋಳು ಕೂಡ ವಿದ್ಯುತ್ ಪ್ರಚೋದನೆಗೆ ಸಹಜವಾಗಿಯೇ ಚಾಚಿಕೊಳ್ಳುತ್ತದೆ ಎಂದು 2001ರಲ್ಲಿ ತೋರಿಸಿದರು. ಆದರೆ ಚಾಚುವುದು ಯೋಚನೆಯಲ್ಲ. ಕಾದ ಕಾವಲಿ ತಗುಲಿದಾಗ ಉರಿ ತಿಳಿಯುವ ಮೊದಲೇ ನಮ್ಮ ಕೈ ಹಿಂದೆ ಸರಿಯುವುದು ಬೆನ್ನುಹುರಿಯ ಕೆಲಸ; ಅದಕ್ಕಾಗಿ ನಮಗೆ ಎರಡು ಮೆದುಳು ಎಂದು ಯಾರೂ ಹೇಳಿಕೊಂಡು ತಿರುಗುವುದಿಲ್ಲ.

ಅದೇ ವಿಶ್ವವಿದ್ಯಾಲಯದ 2011ರ ಪ್ರಯೋಗವನ್ನು ಮಾತ್ರ ಒಂಬತ್ತು ಮೆದುಳಿನ ಪ್ರಚಾರಕರು ಜಾಣತನದಿಂದ ಮರೆಯುತ್ತಾರೆ. ಒಂದೇ ತೋಳು ತೂರಬಹುದಾದ, ಮುಂದೆ ಕವಲೊಡೆಯುವ ಪಾರದರ್ಶಕ ಪೆಟ್ಟಿಗೆಯಲ್ಲಿ ದಾರಿ ನೀರಿನಿಂದ ಹೊರಗೆ ಸಾಗುತ್ತಿದ್ದುದರಿಂದ, ಆಹಾರದ ರುಚಿಯ ಜಾಡು ತೋಳಿಗೆ ಸಿಗುವಂತಿರಲಿಲ್ಲ. ಆದರೂ ಆಕ್ಟೋಪಸ್‌ಗಳು ಕಣ್ಣಿನಿಂದ ನೋಡಿಕೊಂಡು ತೋಳನ್ನು ಸರಿಯಾದ ಕವಲಿಗೆ ನಡೆಸಲು ಕಲಿತವು. ಆಹಾರ ಕಾಣದಂತೆ ಮಾಡಿದಾಗ ಸೋತವು. ಕಣ್ಣು ಕಂಡದ್ದನ್ನು ತೋಳಿಗೆ ಮುಟ್ಟಿಸಿದ್ದು ಮೆದುಳಲ್ಲದೆ ಇನ್ನಾವುದು? ಇಂಡೋನೇಷ್ಯಾದ ಕಡಲತಳದಲ್ಲಿ ಮನುಷ್ಯರು ಎಸೆದ ತೆಂಗಿನ ಕರಟಗಳನ್ನು ಮೈಯಡಿ ಹಿಡಿದು, ತೋಳುಗಳನ್ನು ಊರುಗೋಲಿನಂತೆ ಊರಿ, ಮುಂದೆಂದೋ ಅಡಗಿಕೊಳ್ಳಲೆಂದು ಹೊತ್ತೊಯ್ಯುವ ಆಕ್ಟೋಪಸ್‌ಗಳ ಬಗ್ಗೆ 2009ರಲ್ಲಿ ವರದಿಯಾಯಿತು. ಎಂಟು ತೋಳುಗಳೂ ತಮ್ಮತಮ್ಮ ಮನಸ್ಸಿನಂತೆ ನಡೆದಿದ್ದರೆ ಆ ಕರಟ ಒಂದು ಗೇಣೂ ಕದಲುತ್ತಿರಲಿಲ್ಲ.

ಪ್ರಶ್ನೆ: ಪೌಲ್ ಎಂಬ ಆಕ್ಟೋಪಸ್ ಫುಟ್‌ಬಾಲ್ ಭವಿಷ್ಯ ನುಡಿದದ್ದು ಹೇಗೆ?

ಉತ್ತರ: 2010ರ ವಿಶ್ವಕಪ್‌ನಲ್ಲಿ ಎಂಟಕ್ಕೆ ಎಂಟು ಸರಿಯಾದದ್ದನ್ನು ಹೇಳುವವರು 2008ರ ಯೂರೋ ಕಪ್‌ನಲ್ಲಿ ಆರರಲ್ಲಿ ಎರಡು ತಪ್ಪಿದ್ದನ್ನು ಹೇಳುವುದಿಲ್ಲ, ಗಿಳಿಶಾಸ್ತ್ರವೂ ನಡೆಯುವುದು ಹೀಗೆಯೇ.

ಪ್ರಶ್ನೆ: ಅದು ಬಾಹ್ಯಾಕಾಶದಿಂದ ಬಂದ ಜೀವಿಯಂತೆ?

ಉತ್ತರ: ಅದು ಬಸವನಹುಳುವಿನ ದೂರದ ನೆಂಟ. ಮುಂದಿನ ಪ್ರಶ್ನೆ.

ಪ್ರಶ್ನೆ: ಮಗಳ ಆಸೆಗಾಗಿ ಮನೆಯ ಅಕ್ವೇರಿಯಂನಲ್ಲಿ ಒಂದನ್ನು ಸಾಕಬಹುದೇ?

ಉತ್ತರ: ಬೇಡ. ಬಹುತೇಕ ಆಕ್ಟೋಪಸ್‌ಗಳ ಆಯುಸ್ಸೇ ಒಂದೆರಡು ವರ್ಷ, ಅದನ್ನು ಗಾಜಿನೊಳಗೆ ಕಳೆಯಲು ಅವು ಒಪ್ಪುವುದೂ ಇಲ್ಲ. ನ್ಯೂಜಿಲೆಂಡಿನ ನೇಪಿಯರ್‌ನ ಅಕ್ವೇರಿಯಂನಿಂದ ಇಂಕಿ ಎಂಬ ಆಕ್ಟೋಪಸ್ ಚರಂಡಿ ಕೊಳವೆಯ ಮೂಲಕ ಪರಾರಿಯಾದ ಸುದ್ದಿ 2016ರಲ್ಲಿ ಎಲ್ಲೆಡೆ ಹರಡಿತ್ತು. ಅಂಗಡಿಯವನು ತೋರಿಸುವ ಪುಟ್ಟ ಆಕ್ಟೋಪಸ್‌ನ ಮೈಮೇಲೆ ನೀಲಿ ಉಂಗುರಗಳಿದ್ದರಂತೂ ಮಗಳನ್ನು ಕರೆದುಕೊಂಡು ಅಲ್ಲಿಂದ ಹೊರಡಿ: ಅದರ ವಿಷಕ್ಕೆ ಪ್ರತಿವಿಷವಿಲ್ಲ.